ತಿಂದದ್ದಲ್ಲ, ರುಚಿ ನೋಡಿದ್ದು

ಹೋಟೆಲಿನವರನ್ನು ರೋಗಿಯಾಗಿ ತೆಗೆದುಕೊಳ್ಳಬಾರದು ಎಂದು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲಿಯೂ ಬರೆದಿಲ್ಲ. ಬರೆಯಬೇಕಿತ್ತು. ಗರ್ಭಿಣಿಯರಿಗೆ ಉಪವಾಸ ಬೇಡ, ಅಶಕ್ತರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಡಿ, ಊಟವಾದ ಕೂಡಲೇ ಮಣ್ಣಿನ ಪಟ್ಟಿ ಹಾಕಬೇಡಿ ಎಂದು ಪುಟಗಟ್ಟಲೆ ಎಚ್ಚರಿಕೆ ಕೊಡುವ ಆ ದಪ್ಪ ಪುಸ್ತಕಗಳು ಇದೊಂದು ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿವೆ. ಅವುಗಳನ್ನು ಬರೆದವರ ಸೋದರಮಾವಂದಿರು ಯಾರೂ ಹೋಟೆಲು ಇಟ್ಟಿರಲಿಲ್ಲ ಎಂದು ಕಾಣುತ್ತದೆ. ಪುಣ್ಯವಂತರು.

ನಾನು ಕಲಿಯುತ್ತಿದ್ದುದು ಪ್ರಕೃತಿ ಚಿಕಿತ್ಸೆ. ಹೆಸರು ಕೇಳುವುದಕ್ಕೆ ತಂಪಾಗಿದೆ. ಊರಿನಲ್ಲಿ ಯಾರಿಗಾದರೂ ಹೇಳಿದರೆ, ನಾವೆಲ್ಲ ಬಿಳಿ ಬಟ್ಟೆ ಉಟ್ಟು ಮರದ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತೇವೆ, ಆಗಾಗ ಎದ್ದು ಒಂದು ತುಳಸಿ ಎಲೆ ತಿನ್ನುತ್ತೇವೆ ಎಂದುಕೊಳ್ಳುತ್ತಿದ್ದರು. ನಿಜದಲ್ಲಿ ಪ್ರಕೃತಿಯ ಮಡಿಲಿಗೆ ಹೋದವರು ಮಾಡುವ ಮೊದಲ ಕೆಲಸ ಎನಿಮಾ ಡಬ್ಬಿ ತೊಳೆಯುವುದು. ಕೊನೆಯ ಟರ್ಮಿನಲ್ಲಂತೂ ನಮ್ಮ ಕಾಲೇಜಿನವರು ಬ್ರಹ್ಮಾವರದಲ್ಲಿ ನಡೆಸುತ್ತಿದ್ದ ಪುಟ್ಟ ಚಿಕಿತ್ಸಾಲಯಕ್ಕೆ ನಮ್ಮನ್ನು ಹಾಕಿದ್ದರು. ಬಸ್ರೂರಿನ ನಮ್ಮ ಮನೆಯಿಂದ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬ್ರಹ್ಮಾವರಕ್ಕೆ ಇನ್ನೊಂದು. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ಬಸ್ಸು ಮುಂದಕ್ಕೆ ಹೋದದ್ದಕ್ಕಿಂತ ಅಡ್ಡಡ್ಡ ಹೋದದ್ದೇ ಹೆಚ್ಚು. ಅಷ್ಟು ಕುಲುಕಿಸಿಕೊಂಡು ಹೋಗಿ ಮಣ್ಣು ಜರಡಿ ಹಿಡಿ, ಬಟ್ಟೆ ಹಿಂಡು, ತೊಟ್ಟಿ ತುಂಬಿಸು, ಬೆನ್ನು ತಿಕ್ಕು, ಸಂಜೆ ಪಾಠ ಕೇಳು, ಮತ್ತೆ ಕುಲುಕಿಸಿಕೊಂಡು ಬಾ. ಮನೆಗೆ ಬಂದು ಬಿದ್ದರೆ ನನಗೇ ಯಾರಾದರೂ ಚಿಕಿತ್ಸೆ ಕೊಡಬೇಕು ಅನ್ನಿಸುತ್ತಿತ್ತು.

ಆ ಚಿಕಿತ್ಸಾಲಯದ ಹಿರಿಯ ಡಾಕ್ಟರು ಮಾತು ಕಡಿಮೆ, ನಿಯಮ ಜಾಸ್ತಿ ಎನ್ನುವಂಥವರು. ಅವರ ಎರಡು ನಿಯಮಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಒಂದು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನಿಂದಲೇ ಒಬ್ಬ ರೋಗಿಯನ್ನು ಹುಡುಕಿ, ಟರ್ಮಿನ ಉದ್ದಕ್ಕೂ ಪಥ್ಯ ಮತ್ತು ಚಿಕಿತ್ಸೆ ಮಾಡಿಸಿ, ಕೊನೆಯ ದಿನ ಹೊರಗಿನಿಂದ ಬರುವ ಪರೀಕ್ಷಕರ ಎದುರು ತಂದು ನಿಲ್ಲಿಸಬೇಕು. ರೋಗಿಯಲ್ಲಿ ಗುಣ ಕಾಣದಿದ್ದರೆ ಟರ್ಮು ಮುಗಿದ ಹಾಗಲ್ಲ, ಮತ್ತೊಮ್ಮೆ ಮೊದಲಿನಿಂದ. ಮತ್ತೊಮ್ಮೆ ಎಂದರೆ ಮತ್ತೆ ಅದೇ ಬಸ್ಸು, ಅದೇ ಹೆದ್ದಾರಿ, ಅದೇ ಎನಿಮಾ ಡಬ್ಬಿ. ಎರಡನೆಯ ನಿಯಮ, ಟರ್ಮಿನ ಮೊದಲ ದಿನ ಮತ್ತು ಕೊನೆಯ ದಿನ ನಮ್ಮದೂ ತೂಕ ನೋಡುತ್ತಾರೆ. ಬೇರೆಯವರಿಗೆ ಇಳಿಸಿ ಎಂದು ಹೇಳುವವರು ತಾವು ಏರಬಾರದು ಎಂಬುದು ಅವರ ಸಿದ್ಧಾಂತ. ಎರಡನೆಯದನ್ನು ನಾನು ಮೊದಲ ದಿನವೇ ಮರೆತೆ, ಏಕೆಂದರೆ ಮೊದಲನೆಯದೇ ತಲೆ ತಿನ್ನುತ್ತಿತ್ತು.

ರೋಗಿಗಳೇನು ಊರಿನಲ್ಲಿ ಕಡಿಮೆಯೇ? ಆದರೆ ಎಲ್ಲರೂ ಕೇಳುವುದು ಮದ್ದು. ಪಕ್ಕದ ಮನೆಯ ಹೆಂಗಸು ಮಂಡಿನೋವು ಎಂದು ವರ್ಷದಿಂದ ನರಳುತ್ತಿದ್ದರು. ನಾನು ಹೋಗಿ, ಉಪ್ಪು ಬಿಡಿ, ಎಣ್ಣೆ ಬಿಡಿ, ಹಸಿ ತರಕಾರಿ ತಿನ್ನಿ, ಹೊಟ್ಟೆಗೆ ಮಣ್ಣು ಮೆತ್ತುತ್ತೇನೆ ಎಂದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಮದ್ದ್ ಎಂತ ಕೊಡ್ತಿ?” ಎಂದರು. ಮದ್ದಿಲ್ಲ ಎಂದೆ. “ಹಾಂಗಾರೆ ನೀ ಎಂತ ಡಾಕ್ಟ್ರ್ ಮಾರಾಯ್ತಿ?” ಎಂದು ಕೇಳಿ, ಪಾಪ ಎನ್ನಿಸಿತೋ ಏನೋ, ಒಂದು ಲೋಟ ಚಾ ಕೊಟ್ಟು ಕಳಿಸಿದರು. ಹೀಗೆ ನಾಲ್ಕಾರು ಮನೆ ಚಾ ಕುಡಿದು ನಾನು ಸೋತು ಕೂತಾಗ ಅಮ್ಮ ಹೇಳಿದಳು, “ನಮ್ ಅಣ್ಣಯ್ಯನ್ನ ಕೇಣ್. ಅವ ನಿಂಗೆ ಇಲ್ಲೆ ಅಂಬವ ಅಲ್ಲ.”

ಅಮ್ಮನ ಅಣ್ಣಯ್ಯ ಎಂದರೆ ನನ್ನ ವಾಸು ಮಾವ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ, ಕ್ಯಾಂಟೀನೊಂದರಲ್ಲಿ ಕಪ್ಪು ತೊಳೆಯುವುದರಿಂದ ಶುರು ಮಾಡಿ, ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಒಲೆಯ ಎದುರು ನಿಂತು, ಕೊನೆಗೆ ಗಲ್ಲಾದ ಹಿಂದೆ ಕೂತವರು. ವಯಸ್ಸಾದ ಮೇಲೆ ಊರಿಗೆ ಬಂದು ಕುಂದಾಪುರದಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ಒಂದು ಸಸ್ಯಾಹಾರಿ ತಿಂಡಿ ಹೋಟೆಲು ಹಾಕಿದ್ದರು. ಅವರ ಸಾಂಬಾರಿಗೆ ಊರಿನಲ್ಲಿ ಹೆಸರಿತ್ತು. ಅವರ ಹೊಟ್ಟೆಗೂ ಇತ್ತು. ಅವರಿಗಿಂತ ಮೊದಲು ಅವರ ಹೊಟ್ಟೆ ಬಾಗಿಲಲ್ಲಿ ಕಾಣುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕೂತರೆ ಏಳುವುದು ಕಷ್ಟ, ಎದ್ದರೆ ಮಂಡಿ ಕೇಳುವುದಿಲ್ಲ. ಪಠ್ಯಪುಸ್ತಕದಿಂದ ನೇರ ಇಳಿದು ಬಂದ ಹಾಗಿದ್ದ ರೋಗಿ.

ಕೇಳಿದ ಕೂಡಲೇ ಒಪ್ಪಿದರು. “ನೀ ಹೇಳ್ದಾಂಗೇ ಮಾಡ್ತೆ ಹೆಣೆ. ಮುಂಬೈಯಗೆ ನಾನ್ ಯಾವತ್ತೂ ಸೇಠ್‌ನ ಮಾತ್ ಮೀರ್ದವ ಅಲ್ಲ. ಇನ್ ಮೇಲೆ ನೀನೇ ನಂಗೆ ಸೇಠ್” ಎಂದರು. ಅಷ್ಟಕ್ಕೇ ನಿಲ್ಲಿಸದೆ, ಹೋಟೆಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, “ಮೀನ್ ಬಿಟ್ಟೆ” ಎಂದು ಘೋಷಿಸಿದರು. ನಮ್ಮ ಕಡೆ ಮೀನು ಬಿಟ್ಟೆ ಎನ್ನುವುದು ಸಣ್ಣ ಮಾತಲ್ಲ. ಶ್ರಾವಣದಲ್ಲಿ ಬಿಡುವವರು ಕೂಡ ಅದರ ಹಿಂದಿನ ದಿನ ಅಷ್ಟೂ ದಿನದ ಬಾಕಿಯನ್ನು ಮುಂಗಡ ತಿಂದುಕೊಳ್ಳುತ್ತಾರೆ. ಹಾಗಿರುವಾಗ ನನಗೋಸ್ಕರ ಮಾವ ಮೀನು ಬಿಟ್ಟದ್ದನ್ನು ಕಂಡು ನನ್ನ ಕಣ್ಣು ತುಂಬಿ ಬಂತು. ಈಗ ಯೋಚಿಸಿದರೆ, ಆ ಕಣ್ಣೀರನ್ನು ಮುಂದಿನ ತಿಂಗಳುಗಳಿಗೆ ಉಳಿಸಿಟ್ಟುಕೊಳ್ಳಬೇಕಿತ್ತು.

ನಾನು ಹಾಕಿಕೊಟ್ಟ ಪಥ್ಯ ಇಷ್ಟು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಜೇನು ಹಾಕಿದ ನಿಂಬೆ ನೀರು, ಆಮೇಲೆ ಬೂದುಗುಂಬಳದ ರಸ, ಮಧ್ಯಾಹ್ನ ಉಪ್ಪಿಲ್ಲದ ಹಸಿ ತರಕಾರಿ, ರಾತ್ರಿ ಪಪ್ಪಾಯಿ. ಸಂಜೆ ನಾನು ಬ್ರಹ್ಮಾವರದಿಂದ ಬರುವಾಗ ಜರಡಿ ಹಿಡಿದು ಹದಮಾಡಿದ ಮಣ್ಣನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ತಂದು, ಹೋಟೆಲಿನ ಹಿಂದಿನ ಕೋಣೆಯಲ್ಲಿ ಅವರ ಹೊಟ್ಟೆಗೆ ಪಟ್ಟಿ ಹಾಕಿ, ಆಮೇಲೆ ಬಸ್ರೂರಿನ ಬಸ್ಸು ಹಿಡಿಯುವುದು. ಮೊದಲನೇ ದಿನವೇ ಬಸ್ಸಿನ ಕಂಡಕ್ಟರು, “ಎಂತ ಅಕ್ಕ, ಡಬ್ಬಿಯಗೆ ಮೀನಾ?” ಎಂದು ಕೇಳಿದ. ಮಣ್ಣು ಎಂದೆ. ಅವನು ಕಿಟಕಿಯಿಂದ ಹೊರಗೆ ನೋಡಿದ. ಹೆದ್ದಾರಿಯ ಎರಡೂ ಬದಿಯಲ್ಲಿ ಅಗೆದು ಹಾಕಿದ ಮಣ್ಣು ಗುಡ್ಡದಷ್ಟು ಬಿದ್ದಿತ್ತು. “ಬ್ರಹ್ಮಾವರದ್ ಮಣ್ಣ್ ಕುಂದಾಪ್ರಕ್ಕಾ?” ಎಂದಷ್ಟೇ ಹೇಳಿ ಟಿಕೆಟ್ ಹರಿದು ಕೊಟ್ಟ. ಆಮೇಲೆ ಟರ್ಮು ಮುಗಿಯುವವರೆಗೂ ಆ ಬಸ್ಸಿನಲ್ಲಿ ನನ್ನ ಹೆಸರು ಮಣ್ಣಿನ ಅಕ್ಕ.

ಹೋಟೆಲಿನ ಹಿಂದಿನ ಕೋಣೆ ಎಂದೆನಲ್ಲ, ಅದರ ಪಕ್ಕದಲ್ಲೇ ಗಿರಾಕಿಗಳು ಕೈತೊಳೆಯುವ ಜಾಗ. ನೀರುಳ್ಳಿ ಮೂಟೆಗಳ ನಡುವೆ ಚಾಪೆಯ ಮೇಲೆ ಮಾವ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಮಣ್ಣು ಮೆತ್ತಿಸಿಕೊಂಡು, ಮಲಗಿದಲ್ಲಿಂದಲೇ “ಮೂರನೇ ಟೇಬಲ್‌ಗೆ ನೀರ್ ಕೊಡ್” ಎಂದು ವ್ಯವಹಾರ ನಡೆಸುತ್ತಿದ್ದರು. ಕೈತೊಳೆಯಲು ಬಂದವರು ತೊಳೆದು ಮುಗಿದರೂ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಒಬ್ಬರಂತೂ, “ಹ್ವಾಯ್ ವಾಸಣ್ಣ, ಎಂತ ಹೊಟ್ಟಿ ಮೇಲೆ ನಟ್ಟಿ ಮಾಡ್ತ್ರಿಯಾ? ಬೀಜ ಯಾವ್ದ್?” ಎಂದು ವಿಚಾರಿಸಿದರು. ನಾನು ಪಟ್ಟಿ ಒತ್ತುತ್ತಾ ತಲೆ ತಗ್ಗಿಸಿದೆ. ಮಾವನಿಗೆ ಮಾತ್ರ ಒಂದಿಷ್ಟೂ ನಾಚಿಕೆಯಿಲ್ಲ. “ಸೊಸಿ ಡಾಕ್ಟ್ರ್. ಪರೀಕ್ಷಿ ಇತ್ತ್” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮಲ್ಲಿ ತಂಗಿಯ ಮಗಳೂ ಸೊಸೆಯೇ. ಆದರೆ ಅದು ಗೊತ್ತಿಲ್ಲದ ಹೊರಗಿನ ಗಿರಾಕಿಗಳು ಆ ಡಾಕ್ಟರ್ ಸೊಸೆಯ ಗಂಡ ಯಾರೆಂದು ಹುಡುಕುತ್ತಾ ಸಪ್ಲಾಯರ್‌ಗಳ ಮುಖ ನೋಡುತ್ತಿದ್ದುದು ನನ್ನ ಸಂಕಟಕ್ಕೆ ಮತ್ತೊಂದು ಸೇರ್ಪಡೆ.

ಬೂದುಗುಂಬಳದ ಕಥೆಯನ್ನೂ ಹೇಳಬೇಕು. ರಸ ಹೇಗೆ ತೆಗೆಯುವುದು ಎಂದು ಮಾವನ ಅಡುಗೆಯವನಾದ ಕಿಟ್ಟಣ್ಣನಿಗೆ ನಾನೇ ಹೇಳಿಕೊಟ್ಟಿದ್ದೆ. ಒಂದು ವಾರ ಕಳೆದು ಹೋಗಿ ನೋಡಿದರೆ ಗಲ್ಲಾದ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಹೊಸ ಬೋರ್ಡು, ‘ಪ್ರಕೃತಿ ಸ್ಪೆಷಲ್ ಕುಂಬಳ ಮಿಲ್ಕ್ ಶೇಕ್’. ನನ್ನ ಔಷಧಿಗೆ ಹಾಲು, ಸಕ್ಕರೆ, ಏಲಕ್ಕಿ, ಮೇಲೊಂದು ಉಂಡೆ ಐಸ್‌ಕ್ರೀಮು ಹಾಕಿ ಊರಿಗೆಲ್ಲ ಹಂಚುತ್ತಿದ್ದರು. ನಾನು ಕೂಗಾಡಿದೆ. ಮಾವ ಶಾಂತವಾಗಿ, “ನಿನ್ ಹೆಸ್ರ್ ಬಪ್ಪುದೇ ಅಲ್ದಾ? ಶುರುವಿಗೆ ಸಕ್ಕರಿ ಒಂಚೂರ್ ಕಮ್ಮಿ ಆಯಿತ್ತ್, ಈಗ ಸಮಾ ಆಯ್ತ್” ಎಂದರು. ಸಕ್ಕರೆ ಕಡಿಮೆಯಾಗಿತ್ತೆಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಆವತ್ತೇ ಕೇಳಬೇಕಿತ್ತು. ಸಿಟ್ಟಿನಲ್ಲಿದ್ದವರಿಗೆ ಕೇಳಬೇಕಾದ ಪ್ರಶ್ನೆ ಹೊಳೆಯುವುದಿಲ್ಲ.

ವಾರಕ್ಕೊಮ್ಮೆ ಮಾವನನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋಗಿ ತೂಕ ನೋಡಿಸಬೇಕಿತ್ತು. ಮೊದಲ ವಾರ ಮುಳ್ಳು ಸ್ವಲ್ಪ ಹಿಂದೆ ಸರಿಯಿತು. ಆಮೇಲೆ ಅದು ಹೆದ್ದಾರಿಯ ಬಸ್ಸಿನ ಹಾಗೆ ನಿಂತಲ್ಲೇ ನಿಂತಿತು. ನನ್ನ ಸಹಪಾಠಿಗಳ ರೋಗಿಗಳೆಲ್ಲ ಒಬ್ಬೊಬ್ಬರಾಗಿ ಬಳುಕುತ್ತಾ ಬರುತ್ತಿದ್ದರೆ ನನ್ನ ಮಾವ ಮಾತ್ರ ಹೋದ ವಾರದ ಹೊಟ್ಟೆಯನ್ನು ಹಾಗೆಯೇ ಹೊತ್ತು ತರುತ್ತಿದ್ದರು. ಹಿರಿಯ ಡಾಕ್ಟರು ಮುಳ್ಳನ್ನೂ ನನ್ನನ್ನೂ ನೋಡಿ, “ಹೀಗಾದರೆ ಮುಂದಿನ ಟರ್ಮಿನಲ್ಲೂ ನೀವು ಇಲ್ಲೇ ಇರುತ್ತೀರಿ ಶಾಲಿನಿ” ಎಂದರು. ನನಗೆ ರಾತ್ರಿ ನಿದ್ರೆಯಲ್ಲಿ ಎನಿಮಾ ಡಬ್ಬಿಗಳು ಸಾಲಾಗಿ ಬರತೊಡಗಿದವು.

ಅನುಮಾನ ಹೋದದ್ದು ಸರೋಜತ್ತೆಯ ಮೇಲೆ. ಮಾವನ ಹೆಂಡತಿ. ಗಂಡ ಸೊರಗುವುದನ್ನು ನೋಡಲಾರದೆ ಗುಟ್ಟಾಗಿ ಬಂಗುಡೆ ಕಾಯಿಸಿ ಹಾಕುತ್ತಿರಬೇಕು ಎಂದುಕೊಂಡು ಒಂದು ಭಾನುವಾರ ಅವರ ಮನೆಗೆ ಹೋಗಿ ಮೆಲ್ಲಗೆ ವಿಷಯ ತೆಗೆದೆ. ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತರು. “ನಾನ್ ಮೀನ್ ಕೊಟ್ಟೆ ಅಂದೇಳಿ ಕೇಂತ್ಯಾ? ಮನಿಯಗೆ ವಾಸ್ನಿ ಬಂದ್ರೆ ಅವ್ರ್ ಮನಸ್ ಕೆಡುತ್ತ್ ಅಂದೇಳಿ ನಾನೂ ತಿಂಬುದ್ ಬಿಟ್ಟೆ. ಅವ್ರ್ ತಿಂದ್ ಬಿಟ್ಟ್ ಹಸಿ ಸೌತಿಕಾಯೇ ನಂಗೂ ಗತಿ. ನಂಗೆಂತ ಕಾಯ್ಲಿ ಇದ್ದಿತ್ತ್ ಹೇಳ್ ಕಾಂಬ” ಎಂದು ತಮ್ಮ ರವಿಕೆಯ ತೋಳನ್ನು ಎಳೆದು ತೋರಿಸಿದರು. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲವಾಗಿತ್ತು. ಅತ್ತೆಯನ್ನೇ ರೋಗಿ ಎಂದು ತೋರಿಸಿದ್ದರೆ ನನಗೆ ಚಿನ್ನದ ಪದಕ ಸಿಗುತ್ತಿತ್ತು. ಆದರೆ ಕೇಸ್ ಬದಲಾಯಿಸುವ ಹಾಗಿರಲಿಲ್ಲ.

ಹಾಗಾದರೆ ಕಳ್ಳ ಯಾರು? ನಾನು ಹೋಟೆಲಿಗೆ ಹೋಗುತ್ತಿದ್ದುದು ಸಂಜೆ, ವ್ಯಾಪಾರ ತಣ್ಣಗಾದ ಹೊತ್ತಿನಲ್ಲಿ. ಬೆಳಗಿನ ಹೋಟೆಲನ್ನು ನಾನು ನೋಡಿಯೇ ಇರಲಿಲ್ಲ. ಮರುದಿನ ಮೊದಲ ಬಸ್ಸಿಗೇ ಹೊರಟು, ಬಾಗಿಲಿನ ಅರ್ಧ ಹಲಗೆ ಮಾತ್ರ ತೆಗೆದಿದ್ದಾಗ ಒಳಗೆ ನುಗ್ಗಿದೆ. ಅಡುಗೆಮನೆಯಲ್ಲಿ ದೇವರ ಪಟದ ಎದುರು ಊದುಬತ್ತಿ ಹೊಗೆಯಾಡುತ್ತಿತ್ತು. ಮಾವ ಮಿಂದು, ಬಿಳಿ ಪಂಚೆ ಉಟ್ಟು, ಪೂಜೆಗೆ ನಿಂತವರ ಹಾಗೆ ಒಲೆಯ ಎದುರು ನಿಂತಿದ್ದರು. ಕಿಟ್ಟಣ್ಣ ಸಾಂಬಾರಿನ ಕೊಪ್ಪರಿಗೆಯಿಂದ ಒಂದು ಸೌಟು ತೆಗೆದು ಮಾವನ ಅಂಗೈಗೆ ಬಿಟ್ಟ. ತೀರ್ಥ ತೆಗೆದುಕೊಂಡಷ್ಟೇ ಭಕ್ತಿಯಿಂದ ಮಾವ ಕಣ್ಣು ಮುಚ್ಚಿ ಸುರ್ರೆಂದು ಎಳೆದರು. “ಉಪ್ಪ್ ಒಂದ್ ಚಿಟ್ಕಿ” ಎಂದರು. ಉಪ್ಪು ಬಿತ್ತು. ಬಿದ್ದದ್ದು ಸರಿಯಾಯಿತೇ ಎಂದು ನೋಡಬೇಕಲ್ಲ, ಮತ್ತೊಂದು ಸೌಟು. ಆಮೇಲೆ ಕೆಂಪು ಚಟ್ನಿ. ಚಟ್ನಿ ಒಂದನ್ನೇ ನೋಡಿದರೆ ಅದು ಇಡ್ಲಿಯ ಜೊತೆ ಹೇಗೆ ಕೂರುತ್ತದೆ ಎಂದು ತಿಳಿಯುವುದಿಲ್ಲವಂತೆ, ಆದ್ದರಿಂದ ಒಂದು ಇಡ್ಲಿ. ಇಡ್ಲಿಯ ಜೊತೆ ಹಸಿರು ಚಟ್ನಿ ಹೇಗೆ ಎಂದು ನೋಡಲು ಉಳಿದ ಇಡ್ಲಿ. ಕಾವಲಿ ಕಾದದ್ದು ಸರಿಯಿದೆಯೇ ಎಂದು ಮೊದಲ ದೋಸೆ. ಮೊದಲ ದೋಸೆ ಯಾವತ್ತೂ ಸರಿಯಾಗುವುದಿಲ್ಲ, ಹಾಗಾಗಿ ಎರಡನೆಯದು. ಬನ್ಸ್ ಒಳಗೆ ಅರಳಿದೆಯೇ ಎಂದು ಮುರಿದು ಒಂದು. ಗೋಳಿಬಜೆಯ ನಡುವೆ ಹಿಟ್ಟು ಹಸಿ ಉಳಿದಿದೆಯೇ ಎಂದು ಎರಡು, ಏಕೆಂದರೆ ಒಂದರ ಮೇಲೆ ತೀರ್ಮಾನ ಮಾಡುವುದು ನ್ಯಾಯವಲ್ಲ. ಶಿರಾ. ಕಾಫಿಯ ಮೊದಲ ಡಿಕಾಕ್ಷನ್. ಇಷ್ಟೆಲ್ಲ ಮುಗಿದ ಮೇಲೆ ಮಾವ ಕೈತೊಳೆದು, ಗಲ್ಲಾಕ್ಕೆ ಬಂದು, ನನ್ನನ್ನು ನೋಡಿ ಅರಳಿ, ಜೇನು ಹಾಕಿದ ನಿಂಬೆ ನೀರು ತರಿಸಿಕೊಂಡು ಋಷಿಯ ಮುಖ ಮಾಡಿ ಕುಡಿದರು. “ಕಾಣ್ ಹೆಣೆ,” ಎಂದರು, “ಖಾಲಿ ಹೊಟ್ಟಿಗೆ.”

ನಾನು ಅಡುಗೆಮನೆಯ ಕಡೆಗೆ ಕೈ ತೋರಿಸಿದೆ. “ಮಾವ, ಈಗ ಒಳಗೆ ತಿಂದದ್ದೆಲ್ಲ ಎಂತ?” ಎಂದೆ.

“ನಾನ್ ತಿಂದದ್ದಾ? ಯಾವಾಗ?”

“ಇಡ್ಲಿ, ದೋಸಿ, ಬನ್ಸ್. ನಾನ್ ಇಲ್ಲೇ ನಿಂತ್ ಕಂಡೆ.”

ಮಾವನ ಮುಖದಲ್ಲಿ ಸಿಕ್ಕಿಬಿದ್ದವರ ಗಾಬರಿ ಇರಲಿಲ್ಲ. ಶುದ್ಧ ಆಶ್ಚರ್ಯವಿತ್ತು. ನಾನು ಸಾಯುವವರೆಗೂ ಆ ಮುಖ ಮರೆಯಲಾರೆ. “ಅದ್ ತಿಂದದ್ದಲ್ಲ ಮಾರಾಯ್ತಿ. ರುಚಿ ಕಂಡದ್ದ್” ಎಂದರು.

“ಹೊಟ್ಟಿಗೆ ಹೋಯ್ತಲೆ?”

“ಹೋಯ್ತ್. ಆರೆ ಅದ್ ಹೋಟ್ಲಿನ್ ಲೆಕ್ಕ. ನನ್ ಲೆಕ್ಕ ಅಲ್ಲ.”

ಇದು ತರಲೆ ಮಾತು ಎಂದು ನಾನು ಕುದಿದೆ. ಆದರೆ ಮಾವ ತರಲೆ ಮಾಡುತ್ತಿರಲಿಲ್ಲ. ಗಲ್ಲಾದ ಅಂಚನ್ನು ಬೆರಳಿನಿಂದ ಒರೆಸುತ್ತಾ ಹೇಳಿದರು, ಮುಂಬಯಿಯಲ್ಲಿ ಕಪ್ಪು ತೊಳೆಯುವ ಹುಡುಗರು ಗಿರಾಕಿಗಳೆಲ್ಲ ಹೋಗುವವರೆಗೆ ಬಾಯಿಗೆ ಒಂದು ಅಗುಳು ಹಾಕುವ ಹಾಗಿರಲಿಲ್ಲವಂತೆ. ಹಾಕಿದವನು ಕಳ್ಳ. ಆದರೆ ಸೇಠ್ ಕರೆದು, ‘ಚಖ್ ಕೆ ಬೋಲ್’, ರುಚಿ ನೋಡಿ ಹೇಳು, ಎಂದು ಅಂಗೈಗೆ ಸಾಂಬಾರು ಬಿಟ್ಟರೆ ಅದು ಕೆಲಸ. ಇವರ ನಾಲಗೆ ಸರಿಯಿದೆ ಎಂದು ಸೇಠ್‌ಗೆ ಗೊತ್ತಾದ ಮೇಲೆ ಇವರಿಗೆ ಬೆಳಿಗ್ಗೆ ಹಸಿವಾಗುವುದು ನಿಂತಿತಂತೆ. “ತಿಂದ್ರೆ ಬೈಗಳ, ರುಚಿ ಕಂಡ್ರೆ ಪಗಾರ. ಎರಡೂ ಒಂದೇ ಅಂದ್ರೆ ಹ್ಯಾಂಗೆ?” ಎಂದರು. ನನಗೆ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಜೊತೆಗೆ ಬೇರೇನೋ ಸೇರಿಕೊಂಡಿತು. ಅಷ್ಟು ವರ್ಷ ಪ್ರತಿ ಬೆಳಿಗ್ಗೆ ಹೊಟ್ಟೆ ತುಂಬಾ ಉಂಡು, ಒಂದು ದಿನವೂ ತಾನು ತಿಂದೆ ಎಂದುಕೊಳ್ಳದ ಮನುಷ್ಯನಿಗೆ ನಾನು ಯಾವ ಪಥ್ಯ ಹೇಳುವುದು?

ಆದರೂ ಟರ್ಮು ಟರ್ಮೇ. ರುಚಿ ನೋಡಿ ಉಗುಳಿ ಎಂದೆ. “ಒಲಿ ಎದ್ರ್ ನಿಂತ್ ಅನ್ನ ಉಗುಳುದಾ? ನೀ ಮನ್ಷಳಾ ಎಂತ?” ಎಂದು ಮಾವ ಮೊದಲ ಬಾರಿಗೆ ನನ್ನ ಮೇಲೆ ದನಿ ಏರಿಸಿದರು. ಕಿಟ್ಟಣ್ಣನೇ ನೋಡಲಿ ಎಂದೆ. ಮಾಡಿದವನಿಗೆ ತಾನು ಮಾಡಿದ್ದೆಲ್ಲ ಸರಿಯೇ, ಅದೂ ಅಲ್ಲದೆ ಅವನ ಬಾಯಲ್ಲಿ ಯಾವಾಗಲೂ ಎಲೆಯಡಿಕೆ ಎಂದರು. ಕಿಟ್ಟಣ್ಣ ಎಲೆಯಡಿಕೆ ತುಂಬಿದ ಬಾಯಿಂದಲೇ ಹೌದೆಂದು ತಲೆಯಾಡಿಸಿದ. ಸಪ್ಲಾಯರ್‌ಗಳು ಊರಿಂದ ಊರಿಗೆ ಹೋಗುವವರು, ಅವರ ನಾಲಗೆಯನ್ನು ನಂಬುವ ಹಾಗಿಲ್ಲ. ಅತ್ತೆ ಅಷ್ಟು ಬೆಳಿಗ್ಗೆ ಬರಲಾರರು. ಮಾವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆ ನೋಟದಲ್ಲಿ ಸೇಠ್‌ಗಿರಿ ನನ್ನ ಕೈಯಿಂದ ಜಾರಿ ಮತ್ತೆ ಅವರ ಕೈಗೆ ಹೋದದ್ದು ನನಗೆ ಗೊತ್ತಾಯಿತು. “ಹಾಂಗಾರೆ ನೀ ಕಾಣ್” ಎಂದರು. “ನಮ್ ಮನಿ ನಾಲ್ಗಿ ನಿಂದ್.”

ಹೀಗೆ, ಉಪ್ಪಿಲ್ಲದ ಆಹಾರದ ಮೇಲೆ ಪ್ರಬಂಧ ಬರೆಯಬೇಕಾದವಳು ದಿನಾ ಮೊದಲ ಬಸ್ಸಿಗೆ ಹೋಗಿ ಹೋಟೆಲಿನ ಒಲೆಯ ಎದುರು ಅಂಗೈ ಚಾಚಿ ನಿಂತೆ. ಮೊದಲ ದಿನ ನನ್ನ ಸಿದ್ಧಾಂತ ಬಿಡಲಿಲ್ಲ. ಸಾಂಬಾರಿನಲ್ಲಿ ಉಪ್ಪು ಸ್ವಲ್ಪ ಕಡಿಮೆ ಎಂದು ನಾಲಗೆ ಹೇಳುತ್ತಿದ್ದರೂ, ಜನಕ್ಕೆ ಒಳ್ಳೆಯದೇ ಆಯಿತಲ್ಲ ಎಂದು “ಸಾಕ್” ಎಂದುಬಿಟ್ಟೆ. ಅವತ್ತು ಇಡ್ಲಿಗಳು ಅರ್ಧರ್ಧ ತಟ್ಟೆಯಲ್ಲೇ ಉಳಿದವು. ದಿನಾ ಬರುವ ಮೇಷ್ಟ್ರೊಬ್ಬರು ಹೋಗುವಾಗ ಗಲ್ಲಾದ ಹತ್ತಿರ ನಿಂತು, “ವಾಸಣ್ಣ, ನಿಮ್ಗೆ ಮೈ ಸಮ ಇಲ್ಯಾ?” ಎಂದು ಕೇಳಿದರು. ಮಾವ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಸಾಂಬಾರಿನ ಕೊಪ್ಪರಿಗೆಯ ಕಡೆಗೆ ನೋಡುತ್ತಿದ್ದರು. ಮರುದಿನದಿಂದ ನಾನು ನಾಲಗೆ ಹೇಳಿದ್ದನ್ನೇ ಹೇಳಿದೆ.

ನಾಲಗೆ ಹೇಳಿದ್ದನ್ನು ಹೇಳುವುದು ಸುಲಭದ ಕೆಲಸವಲ್ಲ. ಒಂದು ಹನಿಯಲ್ಲಿ ಉಪ್ಪು ತಿಳಿಯುತ್ತದೆ, ಹುಳಿಗೆ ಇನ್ನೊಂದು ಬೇಕು. ಬೆಲ್ಲ ಕೊನೆಗೆ ಬರುತ್ತದೆ, ಅದಕ್ಕೆ ಕಾಯಬೇಕು. ಬನ್ಸ್ ಬಿಸಿಯಿರುವಾಗ ಒಂದು ತರ, ಆರಿದ ಮೇಲೆ ಇನ್ನೊಂದು ತರ, ಬಸ್ಸಿಗೆ ಕಟ್ಟಿಸಿಕೊಂಡು ಹೋಗುವವರು ಆರಿದ ಮೇಲೆಯೇ ತಿನ್ನುವುದರಿಂದ ಎರಡನ್ನೂ ನೋಡಬೇಕು. ಇದೆಲ್ಲ ಕರ್ತವ್ಯ. ನಾನು ಗಂಟು ಮುಖ ಹಾಕಿಕೊಂಡೇ ಮಾಡುತ್ತಿದ್ದೆ. ಆಮೇಲೆ ಬ್ರಹ್ಮಾವರಕ್ಕೆ ಹೋಗಿ ಮಧ್ಯಾಹ್ನ ಎಲ್ಲರ ಎದುರು ಬರೀ ಹಸಿ ಸೌತೆಕಾಯಿ ತಿನ್ನುತ್ತಿದ್ದೆ. ಉಳಿದವರು ಹಸಿವೆಯಿಂದ ಮುಖ ಕಿವುಚುವಾಗ ನಾನು ಅರ್ಧ ಸೌತೆಕಾಯಿಯನ್ನು ಪಕ್ಕಕ್ಕಿಡುತ್ತಿದ್ದೆ. ನನ್ನ ಸಂಯಮ ಕಂಡು ಹಿರಿಯ ಡಾಕ್ಟರೇ ಒಮ್ಮೆ ತಲೆದೂಗಿದರು. ಬಿಳಿ ಕೋಟಿನ ನಡುವಿನ ಗುಂಡಿ ಹಾಕಲು ಉಸಿರು ಹಿಡಿಯಬೇಕಾಗಿ ಬಂದಾಗ, ಅಮ್ಮ ಬಿಸಿನೀರಿನಲ್ಲಿ ಒಗೆದು ಬಟ್ಟೆ ಕುಗ್ಗಿಸಿದ್ದಾಳೆ ಎಂದು ಅವಳ ಮೇಲೆ ಹಾರಾಡಿದೆ.

ಮಾವ ಮಾತ್ರ ನಿಜಕ್ಕೂ ಇಳಿಯತೊಡಗಿದರು. ಬೆಳಗಿನ ಕೆಲಸ ಕೈಬಿಟ್ಟದ್ದೇ ತಡ, ಮುಳ್ಳು ಪ್ರತಿ ವಾರ ಹಿಂದೆ ಸರಿಯಿತು. ಮೆಟ್ಟಿಲು ಹತ್ತುವಾಗ ಕಂಬ ಹಿಡಿಯುವುದು ಬಿಟ್ಟರು. ಬೆಳಿಗ್ಗೆ ನನ್ನ ಪಕ್ಕದಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದವರು, ಬರಬರುತ್ತಾ ನನ್ನ ಮಾತಿಗೂ ಕಾಯದೆ ನನ್ನ ಅಂಗೈಯನ್ನು ಹಿಡಿದು ಒಮ್ಮೆ ಮೂಸಿ, “ಕೊತ್ತಂಬ್ರಿ ಹುರ್ದದ್ ಜಾಸ್ತಿ ಆಯ್ತ್ ಕಿಟ್ಟಣ್ಣ” ಎನ್ನುವಷ್ಟು ಪಳಗಿದರು. ಹಾಗಾದರೆ ನಾನು ನುಂಗುವುದು ಯಾತಕ್ಕೆ ಎಂದು ಕೇಳಿದೆ. ಮೂಸುವುದು ಅಂದಾಜು, ನುಂಗುವುದು ಖಾತ್ರಿ ಎಂದರು.

ಕೊನೆಯ ದಿನ ಬಂತು. ಪರೀಕ್ಷಕರು ದೂರದ ಊರಿನ ಒಬ್ಬ ಮೇಡಂ. ಕನ್ನಡಕದ ಮೇಲಿನಿಂದ ನೋಡುವವರು. ಮಾವ ಸಡಿಲವಾದ ಅಂಗಿಯ ತೋಳು ಮಡಚಿಕೊಂಡು, ಮದುಮಗನ ಹಾಗೆ ನಗುತ್ತಾ ನಿಂತರು. ತೂಕ ನೋಡಿದರು. ಆರು ಕಿಲೋ ಇಳಿದಿತ್ತು. ಮಂಡಿ ಬಗ್ಗಿಸಿ, ಮೆಟ್ಟಿಲು ಹತ್ತಿಸಿ, ನಾಡಿ ಹಿಡಿದು ಎಲ್ಲ ನೋಡಿದ ಮೇಡಂಗೆ ಬಹಳ ಸಂತೋಷವಾಯಿತು. “ಹೋಟೆಲಿನಲ್ಲಿ ಇದ್ದುಕೊಂಡು ಇಷ್ಟು ಕಟ್ಟುನಿಟ್ಟು ಹೇಗೆ ಸಾಧ್ಯವಾಯಿತು? ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲವೇ?” ಎಂದು ಕೇಳಿದರು.

“ಎಂತದೂ ಇಲ್ಲೆ ಮೇಡಂ” ಎಂದರು ಮಾವ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸೊಸೆಯ ಶ್ರಮವನ್ನು ಹೇಳದೆ ಬಿಡುವುದು ಅವರಿಗೆ ಸರಿ ಕಾಣಲಿಲ್ಲ. “ರುಚಿ ಸೈತ ಕಾಂಬುದಿಲ್ಲೆ. ಅದೆಲ್ಲ ಈಗ ಇವ್ಳೇ ಕಾಂಬುದ್. ಇಡ್ಲಿಯಿಂದ ಹಿಡ್ದ್ ಶಿರಾದ ತನಕ. ಒಂದ್ ದಿನ ತಪ್ಸಿಲ್ಲೆ.”

ಮೇಡಂ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಕೋಟಿನ ಗುಂಡಿಯನ್ನೂ ನೋಡಿದರು. ಹಿರಿಯ ಡಾಕ್ಟರಿಗೆ ಆ ಹೊತ್ತಿನಲ್ಲೇ ತಮ್ಮ ಎರಡನೆಯ ನಿಯಮ ನೆನಪಾಗಬೇಕೇ? “ಹತ್ತಿ ಶಾಲಿನಿ” ಎಂದರು. ನಾನು ಚಪ್ಪಲಿ ಬಿಟ್ಟೆ, ಗಡಿಯಾರ ಬಿಚ್ಚಿದೆ, ಕೂದಲಿನ ಕ್ಲಿಪ್ಪನ್ನೂ ತೆಗೆದೆ. ಆದರೂ ಮುಳ್ಳು ದಾಕ್ಷಿಣ್ಯ ತೋರಿಸಲಿಲ್ಲ. ಮೊದಲ ದಿನಕ್ಕಿಂತ ಐದು ಕಿಲೋ ಜಾಸ್ತಿ. ಅಷ್ಟು ದಿನದ ಮಣ್ಣು, ನೀರು, ಬಸ್ಸು, ಜಗಳ, ಎಲ್ಲ ಸೇರಿ ಈ ಭೂಮಿಯ ಮೇಲಿನಿಂದ ನಿಜವಾಗಿ ಕಡಿಮೆಯಾದದ್ದು ಒಂದು ಕಿಲೋ. ಉಳಿದ ಐದನ್ನು ಮಾವನಿಂದ ಇಳಿಸಿ ನಾನು ಹೊತ್ತುಕೊಂಡಿದ್ದೆ.

“ಏನಮ್ಮ ಇದು?” ಎಂದರು ಮೇಡಂ.

“ನಾನು ತಿಂದದ್ದಲ್ಲ ಮೇಡಂ,” ಎಂದೆ, “ರುಚಿ ನೋಡಿದ್ದು.”

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೆ ಅದು ಕೇಳಿಸಿತು. ಮುಖದ ಮೇಲೆ ಅದೇ ಶುದ್ಧ ಆಶ್ಚರ್ಯ ಇದ್ದಿರಬೇಕು. ಹಿಂದಿನಿಂದ ಮಾವ, “ಹೌದ್ ಮೇಡಂ, ಅದ್ ಡ್ಯೂಟಿ” ಎಂದು ಸಾಕ್ಷಿ ಹೇಳಿದರು.

ಮೇಡಂ ನಗಲಿಲ್ಲ. ನಕ್ಕಿದ್ದರೆ ಬಿಟ್ಟುಬಿಡುತ್ತಿದ್ದರು ಎಂದು ನನ್ನ ಅನುಮಾನ. ರೋಗಿ ಪಾಸು ಎಂದರು. ವಿದ್ಯಾರ್ಥಿನಿಯ ತೂಕ ಮೊದಲಿನ ಅಳತೆಗೆ ಬಂದ ಮೇಲೆ ಅವಳೂ ಪಾಸು, ಎನಿಮಾ ಡಬ್ಬಿಗೆ ವಾಪಸ್ ಬರಬೇಕಿಲ್ಲ, ಆದರೆ ರಜೆಯಲ್ಲಿ ಮನೆಯಲ್ಲೇ ಅದೇ ಪಥ್ಯ, ಅದೇ ಮಣ್ಣಿನ ಪಟ್ಟಿ. ನೋಡಿಕೊಳ್ಳುವುದಕ್ಕೆ ಅನುಭವ ಇದ್ದವರು ಬೇಕು ಎಂದು ಸುತ್ತ ನೋಡಿ, “ನೀವೇ ಆಗಬಹುದಲ್ಲ?” ಎಂದು ಮಾವನನ್ನು ಕೇಳಿದರು. ಮಾವ ಕೈಮುಗಿದು ಒಪ್ಪಿದರು. ಅವರು ಯಾರಿಗೂ ಇಲ್ಲೆ ಅಂಬವರಲ್ಲ.

ಹಾಗಾಗಿ ನನ್ನ ಟರ್ಮು ಮುಗಿದ ಹಾಗೂ ಆಯಿತು, ಮುಗಿಯದ ಹಾಗೂ ಆಯಿತು. ಸಹಪಾಠಿಗಳೆಲ್ಲ ರಜೆಯಲ್ಲಿ ಸುತ್ತಾಡುತ್ತಿದ್ದಾಗ ನಾನು ಬಸ್ರೂರಿನ ಮನೆಯ ಜಗಲಿಯಲ್ಲಿ ಹೊಟ್ಟೆಯ ಮೇಲೆ ಮಣ್ಣು ಹೊತ್ತು ಅಂಗಾತ ಮಲಗಿದ್ದೆ. ಮಾವ ದಿನಾ ಮಧ್ಯಾಹ್ನದ ವ್ಯಾಪಾರ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದರು, ಲವಲವಿಕೆಯಿಂದ, ಕೈಯಲ್ಲಿ ಬೂದುಗುಂಬಳದ ರಸದ ಬಾಟ್ಲಿ ಹಿಡಿದುಕೊಂಡು. ಏನು ತಿಂದೆ ಎಂದು ಅವರು ಕೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಬರುವ ಉತ್ತರ ಅವರಿಗೆ ಚೆನ್ನಾಗಿ ಗೊತ್ತಿತ್ತು. “ಕೈ ತೋರ್ಸ್” ಎನ್ನುತ್ತಿದ್ದರು.

ಒಂದು ದಿನ ಅಮ್ಮ ಬಂಗುಡೆ ಸಾರು ಮಾಡಿದಳು. ಮಾಡಿದವಳಿಗೆ ತಾನು ಮಾಡಿದ್ದೆಲ್ಲ ಸರಿಯೇ, ಅದಕ್ಕೇ ನಾನು ಮಲಗಿದಲ್ಲಿಗೇ ಸೌಟು ತಂದು, “ಉಪ್ಪ್ ಸಾಕಾ ಕಾಣ್” ಎಂದು ಅಂಗೈಗೆ ಒಂದಿಷ್ಟು ಬಿಟ್ಟಳು. ನಾನು ನೆಕ್ಕಿ ಸೀರೆಯ ಸೆರಗಿಗೆ, ಅಂದರೆ ಅಮ್ಮನ ಸೆರಗಿಗೆ, ಕೈ ಒರೆಸುವಷ್ಟರಲ್ಲಿ ಮಾವ ಗೇಟು ತೆರೆದರು. ಅಮ್ಮ ಸೌಟು ಮರೆಮಾಡಿಕೊಂಡು ಒಳಗೆ ಓಡಿದಳು.

“ಕೈ ತೋರ್ಸ್ ಹೆಣೆ.”

ತೋರಿಸಿದೆ. ಮಾವ ಅಂಗೈ ಹಿಡಿದು ಮೂಸಿದರು. ಕಣ್ಣು ಮುಚ್ಚಿದರು. ಬೈಗಳಕ್ಕೆ ನಾನು ತಯಾರಾಗಿ ಮಲಗಿದ್ದೆ. “ಹುಳಿ ಒಂಚೂರ್ ಕಮ್ಮಿ ಆಯಿತ್ತ್ ಅಂದೇಳಿ ಅಮ್ಮಂಗೆ ಹೇಳ್” ಎಂದರು. ಒಳಗೆ ಪಾತ್ರೆಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅಮ್ಮನ ದನಿ ಬಂತು, “ಹುಣ್ಸಿಹಣ್ಣ್ ಬಿಟ್ಟೆ. ಸಮಾ ಆಯ್ತಾ ಯಾರಾರೂ ಕಾಣಿ.”

ಮಾವ ನನ್ನನ್ನು ನೋಡಿದರು. ನಾನು ಹೊಟ್ಟೆಯ ಮೇಲಿನ ಮಣ್ಣನ್ನು ನೋಡಿದೆ. ಮೂಸುವುದು ಬರೀ ಅಂದಾಜು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

“ಹೋಗ್,” ಎಂದರು ಮಾವ, “ರುಚಿ ಕಂಡ್ಕಂಡ್ ಬಾ. ತಿಂಬುಕಾಗ.”

ನಾನು ಮಣ್ಣಿನ ಪಟ್ಟಿ ಜಾರದ ಹಾಗೆ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈ ಚಾಚಿಕೊಂಡು ಒಳಗೆ ಹೋದೆ.